ಮನೆ ಬಾಗಿಲು ತೆರೆಸುವುದು ನಾವು, ಫಲಿತಾಂಶ ಮಾತ್ರ ನಮಗೆ ಬರೋದಿಲ್ಲ: ಅಂಗನವಾಡಿ, ಆಶಾ, ವಿಆರ್‌ಡಬ್ಲ್ಯು ಮತ್ತು ಆರೋಗ್ಯ ಸಂಶೋಧನೆ

ಗುಬ್ಬಚ್ಚಿ_ಹಾವೇರಿ

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿಯ ಅಂಗನವಾಡಿ ಕಾರ್ಯಕರ್ತೆ. ಈ ಗುಂಪಿನಲ್ಲಿ ಆಶಾ ಅಕ್ಕಂದಿರಿದ್ದೀರಿ, ಅಂಗವಿಕಲರ ಕೆಲಸ ನೋಡುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು (ವಿಆರ್‌ಡಬ್ಲ್ಯು) ಇದ್ದೀರಿ, ಹಾಸ್ಟೆಲ್ ವಾರ್ಡನ್‌ಗಳಿದ್ದೀರಿ, ಕಾಲೇಜಿನಲ್ಲಿ ಸಂಶೋಧನೆ ಮಾಡುವವರೂ ಇದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಹೋದ ವರ್ಷ ಸರ್ಕಲ್ ಮೀಟಿಂಗ್‌ನಲ್ಲಿ ಒಂದು ಮಾತು ಬಂತು. ಮಕ್ಕಳ ರಕ್ತಹೀನತೆ ಬಗ್ಗೆ ಸಂಶೋಧನೆ ಮಾಡಲು ಒಂದು ತಂಡ ಬರುತ್ತದೆ, ಸಹಕರಿಸಿ ಅಂತ. ಯಾವ ಕಾಲೇಜು, ಮಕ್ಕಳಿಗೆ ಏನು ಮಾಡುತ್ತಾರೆ, ಒಂದೂ ಗೊತ್ತಿಲ್ಲ. ಹಿಂದಿನ ದಿನ ಸಂಜೆ ಫೋನ್ ಬಂತು. ಮೂರರಿಂದ ಐದು ವರ್ಷದ ಮಕ್ಕಳನ್ನು ತಾಯಂದಿರ ಜೊತೆ ಸೇರಿಸಿ ಅಂದರು. ಮೆಣಸಿನಕಾಯಿ ಬಿಡಿಸುವ ಕಾಲ. ಕೂಲಿ ಬಿಟ್ಟು ಯಾರೂ ಸುಮ್ನೆ ಬರುವುದಿಲ್ಲ. ಆದರೂ ಬಂದರು. ಯಾಕೆ ಅಂದರೆ "ಅಕ್ಕೋರು ಕರದಾರ". ತಂಡದ ಮುಖ ನೋಡಿ ಬಂದವರಲ್ಲ, ನನ್ನ ಮುಖ ನೋಡಿ ಬಂದವರು.

ತಂಡದವರು ಒಳ್ಳೆಯವರೇ. ಕೈಗೆ ಗ್ಲೌಸ್ ಇತ್ತು, ಪ್ರತಿ ಮಗುವಿಗೂ ಹೊಸ ಸೂಜಿ. ಬೆರಳ ತುದಿಗೆ ಚುಚ್ಚಿ, ಮೊದಲು ಬಂದ ಹನಿಯನ್ನು ಒಣ ಹತ್ತಿಯಲ್ಲಿ ಒರೆಸಿ, ಆಮೇಲಿನ ಹನಿಯನ್ನು ಒಂದು ಪುಟ್ಟ ಪ್ಲಾಸ್ಟಿಕ್ ಚಿಪ್ಪಿಗೆ ತೆಗೆದುಕೊಂಡು ಯಂತ್ರಕ್ಕೆ ಹಾಕುತ್ತಿದ್ದರು. ಸ್ವಲ್ಪ ಹೊತ್ತಿಗೆ ಹಿಮೋಗ್ಲೋಬಿನ್ ಅಂಕಿ ಬರುತ್ತಿತ್ತು. ನಾನು ಮಗುವನ್ನು ಹಿಡಿದುಕೊಂಡು ಪಕ್ಕದಲ್ಲೇ ಕೂತಿದ್ದರಿಂದ ಅಂಕಿ ನನಗೂ ಕಾಣುತ್ತಿತ್ತು. ಒಂದು ಮಗುವಿಗೆ 8.2 ಬಂತು. 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತ ನಮಗೆ ತರಬೇತಿಯಲ್ಲೇ ಹೇಳಿದ್ದಾರೆ. ಅವರು ಅಂಕಿಯನ್ನು ಟ್ಯಾಬ್‌ನಲ್ಲಿ ಹಾಕಿ ಮುಂದಿನ ಮಗುವನ್ನು ಕರೆದರು. ತಾಯಿಗೆ ಹೇಳಲಿಲ್ಲ. ನಾನು ಕೇಳಿದ್ದಕ್ಕೆ, ಎಲ್ಲಾ ಊರಿನ ಡೇಟಾ ಸೇರಿಸಿ ಆಮೇಲೆ ಇಲಾಖೆಗೆ ಕೊಡುತ್ತೇವೆ ಅಂದರು.

ಆ ಮಗುವನ್ನು ನಾನೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ (ಪಿಎಚ್‌ಸಿ) ಕಳಿಸಿ ಐರನ್ ಸಿರಪ್ ಕೊಡಿಸಿದೆ. ಉಳಿದ ತಾಯಂದಿರು ಇವತ್ತಿಗೂ ಕೇಳುತ್ತಾರೆ. "ರಕ್ತ ತಗೊಂಡು ಹೋದ್ರಲ್ರಿ, ಏನ್ ಬಂತ್ರಿ?" ನನ್ನ ಹತ್ತಿರ ಉತ್ತರ ಇಲ್ಲ. ಈಗ ಅದೇ ತಂಡ ಎರಡನೇ ಸುತ್ತಿಗೆ ಬರುತ್ತದಂತೆ.

ನಾನು ಸಂಶೋಧನೆ ಬೇಡ ಅನ್ನುವವಳಲ್ಲ. ನಮ್ಮ ಮಕ್ಕಳಿಗೆ ರಕ್ತ ಯಾಕೆ ಕಡಿಮೆ, ಏನು ತಿಂದರೆ ಏರುತ್ತದೆ ಅಂತ ತಿಳಿಯಬೇಕು, ನನಗಂತೂ ತುಂಬಾ ತಿಳಿಯಬೇಕು. ಆದರೆ ಜನರನ್ನು ಕರೆತರುವುದಕ್ಕೆ ಮಾತ್ರ ನಾವಾ? ಅವರು ಬರುವ ಮೊದಲು ನಾನು ಏನೇನು ಕೇಳಬಹುದು? ಕೇಳುವ ಹಕ್ಕು ನನಗಿದೆಯಾ?

ಆಶಾ_ಕಾಫಿನಾಡು

ಅಕ್ಕ, ಹಕ್ಕಿನ ಮಾತು ಆಮೇಲೆ. ಮೊದಲು ಒಂದನ್ನು ಬಿಡಿಸಿಕೊಳ್ಳಬೇಕು. ಬಂದದ್ದು ಸರ್ಕಾರದ ಸರ್ವೇನಾ, ಸಂಶೋಧನೆನಾ? ನಮಗೆ ಎರಡೂ ಒಂದೇ ಥರ ಬರುತ್ತವೆ. ಅದೇ ವಾಟ್ಸಾಪ್ ಗುಂಪು, ಅದೇ "ಇವತ್ತು ಸಂಜೆಯೊಳಗೆ ಪಟ್ಟಿ ಕಳಿಸಿ". ಸರ್ವೇ ಆದರೆ ಅದು ನಮ್ಮ ಕೆಲಸ. ಸಂಶೋಧನೆ ಆದರೆ ಒಲ್ಲೆ ಅನ್ನುವ ಸ್ವಾತಂತ್ರ್ಯ ಮನೆಯವರಿಗೂ ಇರುತ್ತದೆ, ನಮಗೂ ಇರಬೇಕು. ಆ ವ್ಯತ್ಯಾಸವನ್ನು ಮೀಟಿಂಗ್‌ನಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ.

ಇನ್ನು ದುಡ್ಡಿನ ವಿಷಯ. ಬಾಣಂತಿ ಮನೆಗೆ 3, 7, 14, 21, 28 ಮತ್ತು 42ನೇ ದಿನ, ಹೀಗೆ ಆರು ಸಲ ಹೋಗಿ ಮಗುವಿನ ತೂಕ, ಜ್ವರ ಎಲ್ಲಾ ನೋಡಿ ಫಾರಂ ತುಂಬಿದರೆ 250 ರೂಪಾಯಿ. 2025ರ ಜನವರಿ ಚಳಿಯಲ್ಲಿ ಫ್ರೀಡಂ ಪಾರ್ಕ್‌ನಲ್ಲಿ ಹಗಲೂ ರಾತ್ರಿ ಕೂತು ಕೇಳಿದ್ದು ಮಾಡಿದ ಕೆಲಸಕ್ಕೆ ಸಿಗಬೇಕಾದ್ದನ್ನು. ಅದರ ನಡುವೆ ಒಬ್ಬರು ಬಂದು "ಮೇಡಂ, ನಮ್ಮ ಸ್ಟಡಿಗೆ ಮೂವತ್ತು ಬಸುರಿಯರನ್ನು ತೋರಿಸಿ" ಅಂತಾರೆ. ಇಡೀ ದಿನ ಎಸ್ಟೇಟ್ ಲೈನ್‌ಗಳಲ್ಲಿ ಅವರ ಜೊತೆ ಓಡಾಡಿ, ಕೊನೆಗೆ ಬಸ್ ಚಾರ್ಜೂ ನಮ್ಮದೇ.

ಬೆಳವಲ_ನಾಡಿನವ

ಗುಬ್ಬಚ್ಚಿ ಅಕ್ಕ, ನಾನು ಬೆಳಗಾವಿ ಕಡೆ ಸಂಶೋಧನಾ ಯೋಜನೆಗಳಲ್ಲಿ ಫೀಲ್ಡ್ ಕೆಲಸ ನೋಡಿಕೊಂಡವನು. ನೀವು ಹೇಳಿದ್ದು ಸರಿ. ಅಂಕಿ ಕಣ್ಣೆದುರು ಬಂದಿರುವಾಗ ತಾಯಿಗೆ ಹೇಳದೆ ಕಳಿಸಲು ಯಾವ ಕಾರಣವೂ ಇಲ್ಲ.

ಆದರೆ ನಿಮ್ಮಂಥವರ ಕೈ ಎಷ್ಟು ದೊಡ್ಡದು ಅಂತ ಹೇಳಲು ನಮ್ಮ ಜಿಲ್ಲೆಯದ್ದೇ ಒಂದು ಉದಾಹರಣೆ ಕೊಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಹೆರಿಗೆ ಆದ ಮೇಲೆ ರಕ್ತಸ್ರಾವ ನಿಲ್ಲದೆ ತಾಯಂದಿರು ಸಾಯುತ್ತಿದ್ದ ಕಾಲ. ಅದಕ್ಕೆ ಕೊಡುವ ಇಂಜೆಕ್ಷನ್ ತಂಪಾಗಿ ಇಡಬೇಕು, ಚುಚ್ಚಲು ತರಬೇತಿ ಬೇಕು. ಮನೆ ಹೆರಿಗೆಗೆ, ಉಪಕೇಂದ್ರದ ಹೆರಿಗೆಗೆ ಅದು ಎಲ್ಲಿಂದ ಬರಬೇಕು? ಮಿಸೊಪ್ರೊಸ್ಟಾಲ್ ಅನ್ನುವ ಮಾತ್ರೆ ಕೊಟ್ಟರೆ ಆಗುತ್ತದಾ ಅಂತ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ 2002ರಿಂದ 2005ರವರೆಗೆ ಪರೀಕ್ಷೆ ಮಾಡಿದರು. ನಾಲ್ಕು ಪಿಎಚ್‌ಸಿಗಳ ವ್ಯಾಪ್ತಿ, 1620 ತಾಯಂದಿರು. ಅರ್ಧದಷ್ಟು ಜನರಿಗೆ ನಿಜವಾದ ಮಾತ್ರೆ, ಉಳಿದವರಿಗೆ ಔಷಧ ಇಲ್ಲದ ಮಾತ್ರೆ. ಯಾರಿಗೆ ಯಾವುದು ಅಂತ ಕೊಡುವವರಿಗೂ ಗೊತ್ತಿರಲಿಲ್ಲ. ಹೆರಿಗೆ ಮಾಡಿಸಿ, ಮಾತ್ರೆ ಕೊಟ್ಟು, ರಕ್ತ ಅಳೆದವರು ಯಾರು? 25 ಜನ ಎಎನ್‌ಎಂಗಳು. ಡಾಕ್ಟರಲ್ಲ, ನಾವು ಸಿಸ್ಟರ್ ಅಂತ ಕರೆಯುತ್ತೇವಲ್ಲ, ಅವರು.

ಅಳೆದದ್ದು ಹೇಗೆ ಅಂತ ಕೇಳಿ. ಕಣ್ಣಳತೆಯಲ್ಲಿ ಹೇಳಿದರೆ ಹೋದ ರಕ್ತದ ಮೂರನೇ ಒಂದು ಭಾಗ ಲೆಕ್ಕಕ್ಕೇ ಬರುವುದಿಲ್ಲ ಅಂತ ಅಲ್ಲೇ ಕಂಡುಕೊಂಡರು. ಅದಕ್ಕೆ ಒಂದು ಪ್ಲಾಸ್ಟಿಕ್ ಹಾಳೆ ಮಾಡಿದರು. ಮಗು ಹುಟ್ಟಿದ ಕೂಡಲೇ ತಾಯಿಯ ಸೊಂಟದ ಕೆಳಗೆ ಹಾಸಿ, ಹೊಟ್ಟೆಗೆ ದಾರ ಕಟ್ಟುವುದು. ಹಾಳೆಯ ತುದಿ ಕೊಳವೆಯಂತೆ ಕೆಳಗೆ ಇಳಿದಿರುತ್ತದೆ, ಅದರ ಮೇಲೆ ಅಳತೆಯ ಗೆರೆಗಳು. ರಕ್ತ ಎಷ್ಟಕ್ಕೆ ಬಂದು ನಿಂತಿದೆ ಅಂತ ಬೆಳಕಿಗೆ ಹಿಡಿದು ಓದಿದರೆ ಆಯಿತು. ಫಲಿತಾಂಶ 2006ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅರ್ಧ ಲೀಟರ್ ಅಥವಾ ಅದಕ್ಕಿಂತ ಜಾಸ್ತಿ ರಕ್ತ ಹೋದವರು ಖಾಲಿ ಮಾತ್ರೆಯ ಗುಂಪಿನಲ್ಲಿ ನೂರಕ್ಕೆ 12, ನಿಜವಾದ ಮಾತ್ರೆಯ ಗುಂಪಿನಲ್ಲಿ 6.4. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸಕ್ಕೆ ಆ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಇಂಥದ್ದೇ ಅಳತೆಯ ಹಾಳೆಯನ್ನು ಮುಂದೆ ಆಫ್ರಿಕಾದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ ಬಳಸಿ ನೋಡಿದ ದೊಡ್ಡ ಅಧ್ಯಯನ 2023ರಲ್ಲಿ ಬಂದಿದೆ.

ಕೌಜಲಗಿ, ಮೂಡಲಗಿಯಂಥ ಊರಿನ ಉಪಕೇಂದ್ರದಲ್ಲಿ ಒಬ್ಬ ಸಿಸ್ಟರ್ ರಾತ್ರಿ ಎದ್ದು ಗೆರೆ ಓದಿ ಬರೆಯದಿದ್ದರೆ ಇಂಥ ಅಂಕಿ ಹುಟ್ಟುವುದೇ ಇಲ್ಲ. ಇದನ್ನು ನಾನು ತುಂಬಾ ಗೌರವದಿಂದ ಹೇಳುತ್ತಿದ್ದೇನೆ.

ಗುಬ್ಬಚ್ಚಿ_ಹಾವೇರಿ

ಅಣ್ಣಾ, ಇದು ನನಗೆ ಗೊತ್ತೇ ಇರಲಿಲ್ಲ. ಆ 25 ಜನರ ಹೆಸರು ಪತ್ರಿಕೆಯಲ್ಲಿ ಬಂತಾ?

ಬೆಳವಲ_ನಾಡಿನವ

ಲೇಖಕರ ಪಟ್ಟಿಯಲ್ಲಿ ಇರುವುದು ವೈದ್ಯರು ಮತ್ತು ಸಂಶೋಧಕರು. ಎಎನ್‌ಎಂಗಳು ಲೇಖನದಲ್ಲಿ 25 ಅನ್ನುವ ಸಂಖ್ಯೆಯಾಗಿ ಕಾಣುತ್ತಾರೆ. ಎಲ್ಲ ಕಡೆ ಸಾಮಾನ್ಯವಾಗಿ ಹೀಗೇ. ಇದು ಬದಲಾಗಬೇಕು ಅಂತ ನಾನು ಒಪ್ಪುತ್ತೇನೆ.

ಇನ್ನೊಂದು ಹೇಳಬೇಕು. ಎಲ್ಲ ಪರೀಕ್ಷೆಯೂ ಹೀಗೆ ಗೆಲ್ಲುವುದಿಲ್ಲ. ಬೆಳಗಾವಿ, ಬಾಗಲಕೋಟೆಯಲ್ಲಿ 2014ರ ನಂತರ ಕ್ಲಿಪ್ ಅನ್ನುವ ಅಧ್ಯಯನ ನಡೆಯಿತು. ಆಶಾ ಮತ್ತು ಎಎನ್‌ಎಂಗಳು ಮನೆಗೆ ಹೋಗಿ ಬಸುರಿಯರ ಬಿಪಿ ನೋಡುವುದು, ಟ್ಯಾಬ್‌ನ ಆ್ಯಪ್ ಹೇಳಿದಂತೆ ಮಾತ್ರೆ ಕೊಟ್ಟು ಆಸ್ಪತ್ರೆಗೆ ಕಳಿಸುವುದು. ಪಾಕಿಸ್ತಾನ, ಮೊಜಾಂಬಿಕ್‌ನಲ್ಲೂ ಇದೇ ನಡೆಯಿತು. 2020ರಲ್ಲಿ ಮೂರೂ ದೇಶದ ಲೆಕ್ಕ ಸೇರಿಸಿದಾಗ ತಾಯಿ ಮಗುವಿನ ಸಾವು, ತೊಂದರೆ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ಎಂಟು ಅಥವಾ ಜಾಸ್ತಿ ಸಲ ಭೇಟಿ ಸಿಕ್ಕವರಲ್ಲಿ ಮಾತ್ರ ತೊಂದರೆ ಕಡಿಮೆ ಕಂಡಿತು. ಈ ಥರದ ಫಲಿತಾಂಶವನ್ನೂ ಆಶಾಗೆ ಕೂತು ಹೇಳಬೇಕು. "ನೀನು ಮಾಡಿದ್ದು ದಂಡ ಅಲ್ಲ, ಎರಡು ಮೂರು ಭೇಟಿ ಸಾಲದು ಅಂತ ತಿಳಿಯಿತು" ಅಂತ. ಅದು ಅವಳ ಮುಂದಿನ ದಿನದ ಕೆಲಸಕ್ಕೆ ಬೇಕಾದ ಮಾತು.

ಓದುವ_ಹುಡುಗ_ಧಾರವಾಡ

ನಾನು ಸಾರ್ವಜನಿಕ ಆರೋಗ್ಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ನಮ್ಮ ಕಡೆಯ ಕಷ್ಟವನ್ನೂ ಹೇಳುತ್ತೇನೆ. ಅನುಮತಿ ಜಿಲ್ಲೆಯಿಂದ ತಾಲೂಕಿಗೆ, ತಾಲೂಕಿನಿಂದ ಸರ್ಕಲ್‌ಗೆ ಇಳಿದು ಬರುತ್ತದೆ. ಕಾರ್ಯಕರ್ತೆಯ ಹತ್ತಿರ ಬರುವಷ್ಟರಲ್ಲಿ ನಮ್ಮ ನಾಲ್ಕು ಪುಟದ ವಿವರಣೆ "ಸಹಕರಿಸಿ" ಅನ್ನುವ ಒಂದೇ ಶಬ್ದ ಆಗಿರುತ್ತದೆ. ಡೇಟಾ ಮುಗಿದು ವಿಶ್ಲೇಷಣೆ ಆಗುವ ಹೊತ್ತಿಗೆ ಅನುದಾನವೂ ಮುಗಿದಿರುತ್ತದೆ. ಊರಿಗೆ ವಾಪಸ್ ಹೋಗಲು ದುಡ್ಡಿರುವುದಿಲ್ಲ.

ಆದರೂ ನಿಮಗೆ ಕೇಳುವ ಹಕ್ಕು ಖಂಡಿತ ಇದೆ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2017ರಲ್ಲಿ ಹೊರತಂದ ನೈತಿಕ ಮಾರ್ಗಸೂಚಿ ಇದೆ. ಸಂಶೋಧನೆ ನ್ಯಾಯವಾಗಿದೆಯಾ ಅಂತ ಮೊದಲೇ ನೋಡುವ ಎಥಿಕ್ಸ್ ಕಮಿಟಿ ಒಪ್ಪಿರಬೇಕು. ಮಾಹಿತಿ ಪತ್ರ ಜನರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಕಮಿಟಿಯನ್ನು ಸಂಪರ್ಕಿಸುವುದು ಹೇಗೆ ಅಂತ ಅದರಲ್ಲೇ ಬರೆದಿರಬೇಕು. ಯಾವಾಗ ಬೇಕಾದರೂ ಬಿಟ್ಟುಹೋಗಬಹುದು, ಬಿಟ್ಟರೆ ಸಿಗುವ ಸೌಲಭ್ಯ ನಿಲ್ಲಬಾರದು. ಬಂದವರ ಪ್ರಯಾಣದ ಖರ್ಚು, ಹೋದ ಕೂಲಿ ತುಂಬಿಕೊಡುವುದಕ್ಕೂ ಅವಕಾಶ ಇದೆ. ನಿಮ್ಮ ಮೆಣಸಿನಕಾಯಿ ಕೂಲಿಯ ತಾಯಂದಿರಿಗೆ ಇದನ್ನು ಕೇಳಲೇಬೇಕು. ಔಷಧ, ಆಹಾರ, ಚಿಕಿತ್ಸೆ ಏನಾದರೂ ಕೊಟ್ಟು ನೋಡುವ ಪರೀಕ್ಷೆ ಆದರೆ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಸಂಖ್ಯೆ ಇರಬೇಕು. ಅದು ಸಿಟಿಆರ್‌ಐ ಅಂತ ಶುರುವಾಗುತ್ತದೆ. ಮೊಬೈಲ್‌ನಲ್ಲೇ ಯಾರು ಬೇಕಾದರೂ ತೆರೆದು ನೋಡಬಹುದು.

ಆಶಾ_ಕಾಫಿನಾಡು

ತಮ್ಮಾ, ಒಳ್ಳೆಯ ಮಾಹಿತಿ. ಸಾಕ್ಷಿ ಸಹಿ ಬಗ್ಗೆಯೂ ಹೇಳು. ಓದಲು ಬಾರದವರು ಹೆಬ್ಬೆಟ್ಟು ಒತ್ತಿದಾಗ ಪಕ್ಕದಲ್ಲಿ ಸಾಕ್ಷಿ ಅಂತ ನನ್ನ ಹತ್ತಿರವೇ ಸಹಿ ಹಾಕಿಸುತ್ತಾರೆ. ಮನೆಗೆ ಕರೆದುಕೊಂಡು ಹೋದವಳೂ ನಾನೇ, ಸಾಕ್ಷಿಯೂ ನಾನೇ. ಇದು ಸರೀನಾ?

ಓದುವ_ಹುಡುಗ_ಧಾರವಾಡ

ಸರಿಯಲ್ಲ ಅಕ್ಕ. ಆ ಸಾಕ್ಷಿ ಸಂಶೋಧನೆಗೆ ಸಂಬಂಧ ಇಲ್ಲದವರಾಗಿರಬೇಕು. ಓದಿ ಹೇಳಿದ್ದು ಆ ತಾಯಿಗೆ ಅರ್ಥ ಆಯಿತು, ಒತ್ತಾಯ ಇಲ್ಲದೆ ಒಪ್ಪಿದರು ಅಂತ ಹೇಳಲು ಹಾಕುವ ಸಹಿ ಅದು. ನೀವು ತಂಡದ ಜೊತೆ ಬಂದಿದ್ದರೆ ನಿಮ್ಮ ಸಹಿ ಅಲ್ಲಿ ಇರಬಾರದು. ಪಕ್ಕದ ಮನೆಯ ಓದಿದ ಹುಡುಗಿ ಇದ್ದರೆ ಅವಳನ್ನು ಕರೆಯಿರಿ ಅಂತ ತಂಡಕ್ಕೆ ಧೈರ್ಯವಾಗಿ ಹೇಳಿ.

ವಾರ್ಡನ್_ಮೇಡಂ

ಈ ಸಹಿಯ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. ನಾನು ಹೆಣ್ಣುಮಕ್ಕಳ ಹಾಸ್ಟೆಲ್ ನೋಡಿಕೊಳ್ಳುವವಳು. ನನ್ನಂಥ ಪ್ರತಿಯೊಬ್ಬ ವಾರ್ಡನ್‌ಗೂ ಖಮ್ಮಂ ಕಥೆ ಗೊತ್ತಿರಬೇಕು.

2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಸುಮಾರು 14 ಸಾವಿರ, ಗುಜರಾತಿನ ವಡೋದರದಲ್ಲಿ ಸುಮಾರು 10 ಸಾವಿರ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಕೊಡುವ ಯೋಜನೆ ನಡೆಯಿತು. ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆ. ಅದು ಸಂಶೋಧನೆಯ ಯೋಜನೆ. ಖಮ್ಮಂನಲ್ಲಿ ತುಂಬಾ ಹುಡುಗಿಯರು ಬುಡಕಟ್ಟಿನವರು, ಸರ್ಕಾರಿ ಹಾಸ್ಟೆಲ್‌ನಲ್ಲಿ ಇದ್ದವರು. ಅಪ್ಪ ಅಮ್ಮ ಸಹಿ ಮಾಡಬೇಕಾದ ಎಷ್ಟೋ ಒಪ್ಪಿಗೆ ಪತ್ರಗಳಿಗೆ ಸಹಿ ಹಾಕಿದ್ದು ವಾರ್ಡನ್‌ಗಳು, ಹೆಡ್‌ಮಾಸ್ಟರ್‌ಗಳು. 2010ರ ಏಪ್ರಿಲ್‌ನಲ್ಲಿ ಸರ್ಕಾರ ಯೋಜನೆ ನಿಲ್ಲಿಸಿತು. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಇದರ ಬಗ್ಗೆ ಕಟುವಾದ ವರದಿ ಕೊಟ್ಟಿತು.

ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಆ ಯೋಜನೆಯ ಸಮಯದಲ್ಲಿ ಏಳು ಹುಡುಗಿಯರು ತೀರಿಕೊಂಡರು. ಸರ್ಕಾರದ ತನಿಖೆ ಆ ಸಾವುಗಳಿಗೆ ಲಸಿಕೆ ಕಾರಣ ಅನ್ನಲಿಲ್ಲ. ಲಸಿಕೆ ಒಳ್ಳೆಯದು, ಅರ್ಹ ಹುಡುಗಿಯರಿಗೆ ಹಾಕಿಸಿ. ಅಲ್ಲಿ ತಪ್ಪಾಗಿದ್ದು ಒಪ್ಪಿಗೆಯ ವಿಷಯದಲ್ಲಿ. ಆ ಒಂದು ತಪ್ಪಿನಿಂದ ಒಳ್ಳೆಯ ಲಸಿಕೆಯ ಮೇಲೂ ಜನರಿಗೆ ವರ್ಷಗಟ್ಟಲೆ ಅನುಮಾನ ಉಳಿಯಿತು. ಮಕ್ಕಳ ಊಟ, ಪಾಠ, ಜ್ವರ ನನ್ನ ಜವಾಬ್ದಾರಿ. ಸಂಶೋಧನೆಗೆ ಒಪ್ಪಿಗೆ ಕೊಡುವುದು ಅವರ ತಂದೆ ತಾಯಿ, ದೊಡ್ಡ ಮಕ್ಕಳಾದರೆ ಅವರ ಇಷ್ಟವನ್ನೂ ಕೇಳಬೇಕು. ಯಾರೇ ಬಂದು "ಮೇಡಂ, ನೀವೇ ಒಂದು ಸಹಿ ಹಾಕಿಬಿಡಿ" ಅಂದರೂ ನಾನು ಪೆನ್ ಮುಟ್ಟುವುದಿಲ್ಲ.

ಕಲ್ಪತರು_ವಿಆರ್‌ಡಬ್ಲ್ಯು

ವಾರ್ಡನ್ ಮೇಡಂ ಮಾತಿಗೆ ನನ್ನದೊಂದು ಸೇರಿಸುತ್ತೇನೆ. ನಾನು ತುಮಕೂರು ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ. ನನಗೂ ಪೋಲಿಯೊ ಆಗಿದೆ. ಅಂಗವಿಕಲರ ಪಿಂಚಣಿ, ಯುಡಿಐಡಿ ಗುರುತಿನ ಕಾರ್ಡು, ಗಾಲಿಕುರ್ಚಿ ಅರ್ಜಿ ಎಲ್ಲಾ ಮಾಡಿಸುವುದರಿಂದ ಪಂಚಾಯಿತಿಯ ಪ್ರತಿ ಮನೆಯ ಪಟ್ಟಿ ನನ್ನ ಹತ್ತಿರ ಇದೆ. ಬರುವ ಸಂಶೋಧಕರು ಮೊದಲು ಕೇಳುವುದೇ ಆ ಪಟ್ಟಿ. ಹೆಸರು, ಫೋನ್ ನಂಬರ್, ಯಾವ ಊನ, ಎಲ್ಲಾ ಇರುವ ಪಟ್ಟಿ.

ನಾನು ಕೊಡುವುದಿಲ್ಲ. ಮನೆಯವರನ್ನು ಕೇಳಿ, ಬನ್ನಿ ಅಂದವರ ಮನೆ ಮಾತ್ರ ತೋರಿಸುತ್ತೇನೆ. ಬುದ್ಧಿಮಾಂದ್ಯ ಮಗಳಿರುವ ಒಂದು ಮನೆಯವರು ಬೇಡ ಅಂದರು. ಮದುವೆ ಮಾತುಕತೆ ನಡೆಯುತ್ತಿರುವ ಅವಳ ತಂಗಿ ಅದೇ ಮನೆಯಲ್ಲಿ ಇದ್ದಾಳೆ, ಊರವರಿಗೆ ಮತ್ತೆ ಮಾತಿಗೆ ವಿಷಯ ಬೇಡ ಅಂತ. ಇಂಥ ಕಾರಣ ಯಾವ ಪ್ರಶ್ನಾವಳಿಯಲ್ಲೂ ಇರುವುದಿಲ್ಲ, ಆದರೆ ಅದು ಪೂರ್ತಿ ನ್ಯಾಯವಾದ ಕಾರಣ.

ಕಾನೂನೂ ನಮ್ಮ ಕಡೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 6ನೇ ಕಲಂ ನೋಡಿ. ಅಂಗವಿಕಲರನ್ನು ಸಂಶೋಧನೆಗೆ ಒಳಪಡಿಸಬೇಕಾದರೆ ಅವರಿಗೆ ಅರ್ಥವಾಗುವ ರೀತಿಯಲ್ಲಿ ತಿಳಿಸಿ ಒಪ್ಪಿಗೆ ತೆಗೆದುಕೊಳ್ಳಬೇಕು. ಕಿವಿ ಕೇಳದವರಿಗೆ ಸನ್ನೆಯಲ್ಲಿ, ಕಣ್ಣು ಕಾಣದವರಿಗೆ ಓದಿ ಹೇಳಿ. ಅದರ ಜೊತೆಗೆ ಸರ್ಕಾರ ರಚಿಸಿದ ಅಂಗವಿಕಲತೆ ಸಂಶೋಧನಾ ಸಮಿತಿಯ ಅನುಮತಿ ಮೊದಲೇ ಇರಬೇಕು. ಆ ಸಮಿತಿಯ ಅರ್ಧದಷ್ಟಾದರೂ ಸದಸ್ಯರು ಸ್ವತಃ ಅಂಗವಿಕಲರೋ, ನೋಂದಾಯಿತ ಸಂಸ್ಥೆಗಳ ಸದಸ್ಯರೋ ಆಗಿರಬೇಕು. ನಾನು ಈ ಕಲಂನ ಜೆರಾಕ್ಸ್ ಬ್ಯಾಗಿನಲ್ಲೇ ಇಟ್ಟುಕೊಂಡಿದ್ದೇನೆ. ತೋರಿಸಿದರೆ ಎದುರಿನವರ ಮಾತಿನ ಧಾಟಿಯೇ ಬದಲಾಗುತ್ತದೆ.

ಕುಡ್ಲದ_ಯಾರ್ಕ್‌ಶೈರ್

ನಾನು ಮಂಗಳೂರಿನವಳು, ಈಗ ಇಂಗ್ಲೆಂಡಿನಲ್ಲಿ ವಯಸ್ಸಾದವರ ಕೇರ್ ಹೋಮ್‌ನಲ್ಲಿ ಕೇರ್ ವರ್ಕರ್. ಇಲ್ಲಿ ಸಂಶೋಧನೆಗೆ ದುಡ್ಡು ಕೊಡುವ ದೊಡ್ಡ ಸರ್ಕಾರಿ ಸಂಸ್ಥೆ ಎನ್‌ಐಎಚ್‌ಆರ್. ಅದರ ಹೆಸರಿನಲ್ಲಿ ಮೊದಲು ಆರೋಗ್ಯ ಮಾತ್ರ ಇತ್ತು, 2022ರಲ್ಲಿ ಆರೈಕೆಯನ್ನೂ ಸೇರಿಸಿಕೊಂಡರು. ಹೆಸರು ಸೇರಿದ ಮಾತ್ರಕ್ಕೆ ನಮ್ಮ ಪಾಳಿ ಹಗುರ ಆಗಲಿಲ್ಲ. ಹನ್ನೆರಡು ಗಂಟೆಯ ಪಾಳಿಯಲ್ಲಿ ಎತ್ತಿ ಕೂರಿಸಿ, ತೊಳೆದು, ತಿನ್ನಿಸಿ ಮುಗಿದ ಮೇಲೆ ಸಂಶೋಧಕರ ಪ್ರಶ್ನಾವಳಿ ಬರುತ್ತದೆ. ಪಾಳಿಯೊಳಗೆ ಅದಕ್ಕೆ ಸಮಯ ಕೊಟ್ಟರೆ ಮಾತ್ರ ನಾವು ಮನಸ್ಸಿಟ್ಟು ಉತ್ತರಿಸುತ್ತೇವೆ. ಇಲ್ಲದಿದ್ದರೆ ಸುಮ್ನೆ ಟಿಕ್ ಹಾಕಿ ಕೊಡುತ್ತೇವೆ, ಅದರಿಂದ ಯಾರಿಗೂ ಲಾಭ ಇಲ್ಲ.

ಮರೆವಿನ ಕಾಯಿಲೆ ಇರುವವರ ಒಪ್ಪಿಗೆ ಬಗ್ಗೆ ಇಲ್ಲಿ 2005ರ ಕಾಯ್ದೆ ಇದೆ. ತಾವೇ ನಿರ್ಧಾರ ಮಾಡಲಾಗದವರ ಪರವಾಗಿ ಮನೆಯವರನ್ನೋ ಹತ್ತಿರದವರನ್ನೋ ಕೇಳಬೇಕು, "ಅವರಿಗೆ ಬುದ್ಧಿ ನೆಟ್ಟಗಿದ್ದಾಗ ಇದಕ್ಕೆ ಏನು ಅನ್ನುತ್ತಿದ್ದರು?" ಅಂತ. ಸಂಬಳಕ್ಕೆ ನೋಡಿಕೊಳ್ಳುವ ನಾನು ಆ ಹತ್ತಿರದವರ ಜಾಗದಲ್ಲಿ ಕೂರುವಂತಿಲ್ಲ. ಆದರೆ ಅಜ್ಜಿ ಮುಖ ತಿರುಗಿಸಿದರೆ, ಕೈ ಎಳೆದುಕೊಂಡರೆ ಅದನ್ನು ಮೊದಲು ಕಾಣುವುದು ನಾನು. ಬೇಡ ಅಂತ ತೋರಿಸಿದರೆ ಅಲ್ಲಿಗೆ ನಿಲ್ಲಿಸಬೇಕು. ಅದನ್ನು ಹೇಳುವುದು ನನ್ನ ಕೆಲಸ ಅಂತಲೇ ನಾನು ತಿಳಿದಿದ್ದೇನೆ.

ಚಾಮುಂಡಿ_ತಪ್ಪಲು

ಕಾರ್ಯಕರ್ತರು ಸಂಶೋಧನೆಯೊಳಗೇ ಇರುವ ಉದಾಹರಣೆ ನಮ್ಮ ಮೈಸೂರಿನಲ್ಲೇ ಇದೆ. ಆಶೋದಯ ಸಮಿತಿ, ಲೈಂಗಿಕ ವೃತ್ತಿಯಲ್ಲಿರುವವರೇ ಕಟ್ಟಿಕೊಂಡ ಸಂಘಟನೆ. ಎಚ್‌ಐವಿ ಬರದಂತೆ ದಿನಾ ತೆಗೆದುಕೊಳ್ಳುವ ಮಾತ್ರೆಯ ಪ್ರಯೋಗ ಬಂದಾಗ, 2016ರಿಂದ ಮೈಸೂರು ಭಾಗದಲ್ಲಿ ಅದನ್ನು ನಡೆಸಿದ್ದು ಈ ಸಮುದಾಯದ ಸಂಘಟನೆಯೇ. ಮಾತ್ರೆ ದಿನಾ ನುಂಗುವುದು ಹೇಗೆ, ಮನೆಯಲ್ಲಿ ಡಬ್ಬಿ ಎಲ್ಲಿ ಇಡುವುದು, ಯಾರಾದರೂ ನೋಡಿ ನಿನಗೆ ಕಾಯಿಲೆ ಇದೆಯಾ ಅಂದರೆ ಏನು ಹೇಳುವುದು. ಇಂಥ ಪ್ರಶ್ನೆ ಅವರಿಗೆ ತಾನಾಗೇ ಹೊಳೆಯುತ್ತದೆ, ಹೊರಗಿನಿಂದ ಬಂದವರಿಗೆ ಹೊಳೆಯುವುದಿಲ್ಲ.

ಆಶಾ ಅಕ್ಕ, ನೀವು ಹೇಳಿದ ಆರು ಭೇಟಿ ಇದೆಯಲ್ಲ, ಅದೂ ಹಳ್ಳಿ ಹೆಂಗಸರ ಸಂಶೋಧನೆಯಿಂದ ಹುಟ್ಟಿದ್ದು. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಬಂಗ್, ರಾಣಿ ಬಂಗ್ ದಂಪತಿ 39 ಹಳ್ಳಿಗಳಲ್ಲಿ ಹಳ್ಳಿಯ ಹೆಂಗಸರಿಗೇ ಕಲಿಸಿ, ಮನೆಯಲ್ಲೇ ಎಳೆಮಗುವಿನ ಆರೈಕೆ ಮಾಡಿಸಿದರು. ಮೂರನೇ ವರ್ಷಕ್ಕೆ, ಪಕ್ಕದ ಹಳ್ಳಿಗಳಿಗೆ ಹೋಲಿಸಿದರೆ, ಒಂದು ತಿಂಗಳೊಳಗಿನ ಮಕ್ಕಳ ಸಾವು ನೂರಕ್ಕೆ 62ರಷ್ಟು ಕಡಿಮೆ ಆಗಿತ್ತು. 1999ರಲ್ಲಿ ಪ್ರಕಟವಾಯಿತು. 2011ರಲ್ಲಿ ಸರ್ಕಾರ ಇದನ್ನು ಆಶಾಗಳ ಕೆಲಸವಾಗಿ ದೇಶಕ್ಕೆಲ್ಲ ತಂದಿತು. ನೀವು ತುಂಬುವ ಫಾರಂ ಆ ಹೆಂಗಸರು ತುಂಬಿದ ಪುಸ್ತಕದ ಮೊಮ್ಮಗಳು.

ಆಶಾ_ಕಾಫಿನಾಡು

ಹೌದಾ! ತರಬೇತಿಯಲ್ಲಿ ತೂಕ ಹೇಗೆ ನೋಡುವುದು, ಯಾವ ಕಾಲಂನಲ್ಲಿ ಬರೆಯುವುದು ಅಂತ ಹೇಳಿದರೇ ಹೊರತು, ಇದರಿಂದ ಇಷ್ಟು ಮಕ್ಕಳು ಉಳಿದರು ಅಂತ ಒಬ್ಬರೂ ಹೇಳಲಿಲ್ಲ. ಮೊದಲೇ ಗೊತ್ತಿದ್ದರೆ 21ನೇ ದಿನದ ಭೇಟಿಗೆ ಮಳೆಯಲ್ಲಿ ಗುಡ್ಡ ಹತ್ತುವಾಗ ಮನಸ್ಸಿಗೆ ಬಲ ಇರುತ್ತಿತ್ತು.

ಗುಬ್ಬಚ್ಚಿ_ಹಾವೇರಿ

ಎಲ್ಲರ ಮಾತು ಓದಿ ಮೇಲ್ವಿಚಾರಕಿ ಮೇಡಂ ಹತ್ತಿರ ಮಾತಾಡಿದೆ. ಬರೆದು ಕೊಡು, ನಾನು ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಸರ್ ಮೂಲಕ ಕಳಿಸುತ್ತೇನೆ ಅಂದರು. ಬರೆದದ್ದು ಇದು. ತಿದ್ದುವುದಿದ್ದರೆ ಹೇಳಿ.

"ಮಾನ್ಯರೇ, ತಮ್ಮ ತಂಡ ಎರಡನೇ ಸುತ್ತಿಗೆ ನಮ್ಮ ಕೇಂದ್ರಕ್ಕೆ ಬರುವ ಮೊದಲು ನಮಗೆ ಈ ವಿಷಯಗಳು ತಿಳಿಯಬೇಕು. ಈ ಅಧ್ಯಯನಕ್ಕೆ ಅನುಮತಿ ಕೊಟ್ಟ ಎಥಿಕ್ಸ್ ಕಮಿಟಿ ಯಾವುದು, ಅವರ ಫೋನ್ ನಂಬರ್ ಏನು? ಮಾಹಿತಿ ಪತ್ರದ ಕನ್ನಡ ಪ್ರತಿಯನ್ನು ಒಂದು ವಾರ ಮೊದಲೇ ಕಳಿಸಿದರೆ ತಾಯಂದಿರ ಸಭೆಯಲ್ಲಿ ಓದಿ ಹೇಳುತ್ತೇವೆ. ಒಪ್ಪದವರನ್ನು ಮತ್ತೆ ಮತ್ತೆ ಕೇಳುವಂತಿಲ್ಲ, ಅವರ ಮಗುವಿನ ಊಟ, ಪೌಷ್ಟಿಕ ಆಹಾರ ಏನೂ ತಪ್ಪುವುದಿಲ್ಲ ಅಂತ ತಾವೇ ಸಭೆಯಲ್ಲಿ ಹೇಳಬೇಕು. ರಕ್ತ ಪರೀಕ್ಷೆಯ ಅಂಕಿಯನ್ನು ಆಗಲೇ ಚೀಟಿಯಲ್ಲಿ ಬರೆದು ತಾಯಿಯ ಕೈಗೆ ಕೊಡಬೇಕು. ತೀರಾ ಕಡಿಮೆ ಇರುವ ಮಕ್ಕಳನ್ನು ಅದೇ ದಿನ ಪಿಎಚ್‌ಸಿಗೆ ಕಳಿಸುವ ವ್ಯವಸ್ಥೆ ಇರಬೇಕು. ಮೊದಲ ಸುತ್ತಿನಲ್ಲಿ ಏನು ಕಂಡಿತು ಅಂತ ತಿಳಿಸಬೇಕು. ನಮ್ಮ ದಾಖಲೆ ಪುಸ್ತಕದ ಫೋಟೋ ತೆಗೆಯುವುದು ಬೇಡ, ಬೇಕಾದ ಮಾಹಿತಿಯನ್ನು ಹೆಸರಿಲ್ಲದೆ ಬರೆದುಕೊಳ್ಳಬಹುದು. ತಾಯಂದಿರ ಹೋದ ಕೂಲಿ ತುಂಬಿಕೊಡುವ ಬಗ್ಗೆ ತಿಳಿಸಿ."

ಬೆಳವಲ_ನಾಡಿನವ

ತುಂಬಾ ಚೆನ್ನಾಗಿದೆ ಅಕ್ಕ. ಒಂದು ಸಾಲು ಸೇರಿಸಿ. ಪ್ರಶ್ನಾವಳಿಯನ್ನು ನಿಮಗೆ ಮೊದಲೇ ತೋರಿಸಲಿ. "ಮಗು ನಿನ್ನೆ ಎಷ್ಟು ಸಲ ತಿಂದಿತು" ಅನ್ನುವುದನ್ನು ಹಬ್ಬದ ಮರುದಿನವೋ ಸಂತೆಯ ಮರುದಿನವೋ ಕೇಳಿದರೆ ಉತ್ತರ ಬೇರೆಯೇ ಬರುತ್ತದೆ. ಯಾವ ದಿನ ಕೇಳಬಾರದು ಅಂತ ನಿಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಇದರಿಂದ ಅವರ ಸಂಶೋಧನೆಯೇ ಗಟ್ಟಿ ಆಗುತ್ತದೆ.

ಗುಬ್ಬಚ್ಚಿ_ಹಾವೇರಿ

ಸೇರಿಸಿದೆ ಅಣ್ಣಾ. ಅಮಾವಾಸ್ಯೆ ದಿನವೂ ಬೇಡ ಅಂತ ಬರೆದೆ. ಅವತ್ತು ಹೋಳಿಗೆ, ಸಿಹಿ ಅಂತ ಮನೆಮನೆಯಲ್ಲೂ ಊಟ ಬೇರೆ ಇರುತ್ತದೆ.

ಓದುವ_ಹುಡುಗ_ಧಾರವಾಡ

ಈ ಪತ್ರವನ್ನು ನಾನು ನನ್ನ ಮಾರ್ಗದರ್ಶಕರಿಗೆ ತೋರಿಸುತ್ತೇನೆ, ನಿಮ್ಮ ಒಪ್ಪಿಗೆ ಇದ್ದರೆ. ನನ್ನ ಅಧ್ಯಯನದ ಬಜೆಟ್‌ನಲ್ಲಿ ಎರಡು ಸಾಲು ಸೇರಿಸಬೇಕು ಅನ್ನಿಸುತ್ತಿದೆ. ಒಂದು, ಫಲಿತಾಂಶ ಹೇಳಲು ಊರಿಗೆ ವಾಪಸ್ ಹೋಗುವ ಖರ್ಚು. ಇನ್ನೊಂದು, ಆಶಾ ಅಂಗನವಾಡಿಯವರ ಸಮಯಕ್ಕೆ ಗೌರವಧನ. ಒಬ್ಬ ತಾಯಿಯನ್ನು ಸೇರಿಸಿದರೆ ಇಷ್ಟು ಅಂತ ಇಡಲಾ?

ಆಶಾ_ಕಾಫಿನಾಡು

ಬೇಡ ತಮ್ಮಾ, ತಲೆ ಲೆಕ್ಕದಲ್ಲಿ ಮಾತ್ರ ಇಡಬೇಡ. ಒಂದು ತಲೆಗೆ ಇಷ್ಟು ಅಂದರೆ ಬೇಡ ಅಂದವಳನ್ನೂ ಒಪ್ಪಿಸುವ ಆಸೆ ಬರುತ್ತದೆ. ತಿಂಗಳ ಕೊನೆಯಲ್ಲಿ ಕೈ ಖಾಲಿ ಇರುವಾಗ ಇನ್ನೂ ಜಾಸ್ತಿ. ನನ್ನ ಮಾತು ನಂಬಿ ಬರುವವರ ಮೇಲೆ ಆ ಒತ್ತಡ ಬೀಳಬಾರದು. ದಿನದ ಲೆಕ್ಕದಲ್ಲಿ ಕೊಡು. ಒಬ್ಬರು ಒಪ್ಪಿದರೂ ಅಷ್ಟೇ, ಹತ್ತು ಜನ ಒಪ್ಪಿದರೂ ಅಷ್ಟೇ.

ಕಲ್ಪತರು_ವಿಆರ್‌ಡಬ್ಲ್ಯು

ಇದಕ್ಕೆ ನನ್ನದೂ ಒಪ್ಪಿಗೆ. ಬಸ್ ಇಲ್ಲದ ಊರಿಗೆ ಆಟೋ ಖರ್ಚು ಬೇರೆ ಇಡು. ನನ್ನ ತ್ರಿಚಕ್ರ ವಾಹನಕ್ಕೆ ಪೆಟ್ರೋಲ್ ಹಾಕಿಸಿಕೊಂಡೇ ನಾನು ಬರಬೇಕು.

ಬೆಳವಲ_ನಾಡಿನವ

ಇಲಾಖೆಯ ಅನುಮತಿ ಪತ್ರದಲ್ಲೇ ಈ ಗೌರವಧನದ ಮಾತು ಬರೆಸಿಕೊಳ್ಳಿ ಓದುವ ಹುಡುಗ ಅವರೇ. ಇಲ್ಲದಿದ್ದರೆ ಆಮೇಲೆ ಕಾರ್ಯಕರ್ತೆಯ ಮೇಲೆಯೇ ಪ್ರಶ್ನೆ ಬರುತ್ತದೆ, ಹೊರಗಿನವರ ದುಡ್ಡು ಯಾಕೆ ತಗೊಂಡೆ ಅಂತ.

ಗುಬ್ಬಚ್ಚಿ_ಹಾವೇರಿ

ಪತ್ರ ಯಾರು ಬೇಕಾದರೂ ಬಳಸಿಕೊಳ್ಳಿ, ಊರಿನ ಹೆಸರು ಬದಲಿಸಿದರೆ ಸಾಕು. ಮೇಡಂ ಇವತ್ತು ಕಳಿಸಿದ್ದಾರೆ. ತಂಡದಿಂದ ಉತ್ತರ ಬಂದ ಕೂಡಲೇ ಇಲ್ಲಿ ಹಾಕುತ್ತೇನೆ.